ಇಬ್ಬರೂ ಇರುವ ಫೋಟೋ

ಎರಡನೆಯ ಸಲವೂ ಚಿತ್ರ ಅಲುಗಿಹೋಯಿತು. ಶಬನಮ ಕ್ಯಾಮೆರಾದ ಪರದೆ ನೋಡಿ ತುಟಿ ಕಚ್ಚಿದಳು. ಬಬಲೇಶ್ವರದ ಆ ಪಡಸಾಲೆಯಲ್ಲಿ ವಿಭೂತಿ ಬಳಿದು, ಹೂವು ಏರಿಸಿ, ಗೋಡೆಗೆ ಆನಿಸಿ ಕೂರಿಸಿದ್ದ ಗುರುಪಾದಯ್ಯನವರೇ ಅವಳಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದವರು. ತಂದೆಯಂಥವರು ಹೋದ ಸಂಕಟ ಅವಳ ಕೈಗೇ ಇಳಿದಿತ್ತು.

ಊರ ಮಂದಿಯ ಮದುವೆ, ಬಸುರಿಯರ ಕುಬಸ, ಸಾವು ಎಲ್ಲದರ ಫೋಟೋ ತೆಗೆದ ಪುಣ್ಯಾತ್ಮನಿಗೆ ಹೆಂಡತಿ ನೀಲಾಬಾಯಿಯ ಪಕ್ಕ ಕೂರಲು ಮಾತ್ರ ಪುರಸೊತ್ತು ಸಿಕ್ಕಿರಲಿಲ್ಲ. ಮದುವೆಯಲ್ಲಿ ತೆಗೆಸಿದ್ದ ಒಂದೇ ಒಂದನ್ನು ಗೆದ್ದಲು ತಿಂದಿತ್ತು. ಈಗ ನೀಲಾಬಾಯಿಗೆ ಬೇಕಾಗಿದ್ದು ಇಬ್ಬರೂ ಇರುವ ಒಂದು ಫೋಟೋ. ಹೊರಗೆ ಹೆಣ ಒಯ್ಯುವ ವಿಮಾನ ಕಟ್ಟುತ್ತಿದ್ದರು. ಅದು ಎದ್ದಿತೆಂದರೆ ಮುಗಿಯಿತು.

ಕಾಲಿಡಲು ಜಾಗವಿಲ್ಲದ ಕಡೆ ಸ್ಟ್ಯಾಂಡ್ ಎಲ್ಲಿ ಇಡುವುದು? ಕೈಯಲ್ಲೇ ಹಿಡಿದು ತೆಗೆಯಬೇಕು.

"ಫ್ಲ್ಯಾಶ್ ಹೊಡಿ ತಂಗಿ, ಹೊತ್ತಾಗೇತಿ," ಎಂದ ಗುರುಪಾದಯ್ಯನವರ ತಮ್ಮ ಸಂಗನಬಸವ.

ಶಬನಮ ಒಲ್ಲೆ ಎಂದಳು. ಫ್ಲ್ಯಾಶ್ ಬಿದ್ದರೆ ಸತ್ತವರು ಇನ್ನೊಮ್ಮೆ ಸತ್ತಂತೆ ಕಾಣುತ್ತಾರೆ ಎಂದು ಗುರುಪಾದಯ್ಯನವರೇ ಹೇಳುತ್ತಿದ್ದರು. ಅವರ ಮುಖಕ್ಕೇ ಅದನ್ನು ಹೊಡೆಯುವುದು ಹೇಗೆ?

*

ಕೈನಡುಕ ಶುರುವಾದ ಮೇಲೆ ಗುರುಪಾದಯ್ಯ ವಿಜಯಪುರಕ್ಕೆ ಹೋಗಿ, ನಡುಕ ತಡೆಯುವ ಲೆನ್ಸ್ ತಂದಿದ್ದರು. ಅಯ್ಯನವರಿಗೆ ಊರುಗೋಲು ಬಂತೆಂದು ಮಂದಿ ನಕ್ಕರೆ ತಾವೂ ನಕ್ಕರು. ಬಿಜ್ಜರಗಿಯ ಒಂದು ಕತ್ತಲ ಮನೆಯಲ್ಲಿ ಬಾಣಂತಿಯ ಫೋಟೋ ಕೆಟ್ಟಾಗ ಶಬನಮ ಆ ಲೆನ್ಸಿಗೇ ಬೈದಳು. ಗುರುಪಾದಯ್ಯ ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಕೀಟಲೆ ಮಾಡಿ, ಮೊಣಕೈ ಪಕ್ಕೆಗೆ ಒತ್ತಿ ಹಿಡಿಯುವುದನ್ನು ತೋರಿಸಿದರು.

"ಬಟನ್ ಅರ್ಧ ಒತ್ತು ಬೇ. ಒಳಗ ಚಿತ್ರ ನಿಲ್ಲೂತನಕ ಕಾಯಿ. ಉಸುರು ಬಿಟ್ಟು ಆಮ್ಯಾಲ ಪೂರ್ತಿ ಒತ್ತು. ಲೆನ್ಸಿಗೂ ಒಂದೀಟು ಸಾವಕಾಶ ಬೇಕಾಕ್ಕೈತಿ."

*

ಅದೇ ಲೆನ್ಸ್ ಹಾಕಿದ್ದ ಕ್ಯಾಮೆರಾ ಎತ್ತಿಕೊಂಡು ಶಬನಮ ಕಂಬಕ್ಕೆ ಬೆನ್ನು ಕೊಟ್ಟಳು. ಮೊಣಕೈ ಬಿಗಿಹಿಡಿದು, ಕಾದು, ಉಸಿರು ಬಿಟ್ಟು ತೆಗೆದಳು. ಗುರುಪಾದಯ್ಯನವರ ಹಣೆಯ ವಿಭೂತಿಯ ಗೆರೆಗೆರೆಯೂ ಸ್ಪಷ್ಟವಾಗಿ ಬಂತು. ಪಕ್ಕದಲ್ಲಿ ನೀಲಾಬಾಯಿ ಮಾತ್ರ ಮಸುಕು. ಬಿಕ್ಕುತ್ತಿದ್ದರು, ಪಾಪ. ಲೆನ್ಸು ಕ್ಯಾಮೆರಾ ಹಿಡಿದವಳ ಕೈನಡುಕವನ್ನು ತಡೆದೀತು, ಎದುರಿಗಿದ್ದವರ ಅಳುವನ್ನು ತಡೆಯಲಾರದು. ಚೆನ್ನಾಗಿ ಬಂದಿದೆ ಎಂದು ಸುಳ್ಳು ಹೇಳಲು ಮನಸ್ಸಾಗದೆ ಪರದೆಯನ್ನು ಅವರ ಮುಂದೆ ಹಿಡಿದಳು.

ನೀಲಾಬಾಯಿ ಬಹಳ ಹೊತ್ತು ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನ ಭುಜಕ್ಕೆ ಭುಜ ತಾಗಿಸಿ ಕೂತರು.

"ಎಲ್ಲಾರೂ ಒಂದ ಗಳಿಗಿ ಅಳೂದು ನಿಲ್ಲಸ್ರಿ," ಎಂದರು. "ನಮ್ಮಿಬ್ಬರದು ಫೋಟೋ ತೆಗೀತಾಳ."

ಮೂಲೆಯಲ್ಲಿ ನಡೆದಿದ್ದ ಭಜನೆ ನಿಂತಿತು. ಅಳುವವರು ಬಾಯಿಗೆ ಸೆರಗು ಇಟ್ಟುಕೊಂಡರು. ಶಬನಮ ಕಾದಳು, ಆಮೇಲೆ ಒತ್ತಿದಳು.

ಆ ಚಿತ್ರದಲ್ಲಿ ತಾಳ ಹಿಡಿದವನ ಕೈ ಎತ್ತಿದಲ್ಲೇ ನಿಂತಿದೆ. ವಿಮಾನ ಕಟ್ಟುವವರು ಬಿದಿರು ಹಿಡಿದುಕೊಂಡೇ ಬಾಗಿಲಲ್ಲಿ ಇಣುಕಿದ್ದಾರೆ. ನಡುವೆ ನೀಲಾಬಾಯಿ, ರೆಪ್ಪೆಯ ಮೇಲಿನ ಹನಿಯೂ ಕಾಣುವಷ್ಟು ಸ್ಪಷ್ಟವಾಗಿ, ಹೊಸ ಮದುಮಗಳ ಹಾಗೆ ತುಸು ನಾಚಿ, ನೇರ ನೋಡುತ್ತಿದ್ದಾರೆ.