ಯಾರೂ ಕೇಳದ ಹೆಸರು

ಹಾಡು ಕೇಳಲು ಹೋಗುವುದೇನು ಕಳ್ಳತನವೇ? ಆದರೂ ಹೆಡತಲೆ ಎಂಬ ಹಳ್ಳಿಯ ಹಾಲಿನ ಡೇರಿ ಸೆಕ್ರೆಟರಿ ಸುನೀತಾ, ಟ್ರೈನಿಂಗ್ ಇದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಬಸ್ಸು ಹತ್ತಿದಳು. ಭಾನುವಾರ ಅದ್ಯಾವ ಟ್ರೈನಿಂಗು ಎಂದು ಅವಳವ್ವ ಮಂಚಮ್ಮ ಕೇಳಲಿಲ್ಲ, ಸದ್ಯ. ಕಾರ್ಯಕ್ರಮ ನಂಜನಗೂಡಿನಲ್ಲಿದ್ದಿದ್ದರೆ ಅವಳು ಅತ್ತ ತಲೆಯನ್ನೂ ಹಾಕುತ್ತಿರಲಿಲ್ಲ. ಅಲ್ಲಿ ಹೆಜ್ಜೆಗೊಬ್ಬರು ಪರಿಚಯದವರು. ತಿ. ನರಸೀಪುರದಲ್ಲಿ ಅವಳನ್ನು ಯಾರು ಬಲ್ಲರು?

ಹಾಡುವವಳು ಗೌತಮಿ. ಹೆಗಲಿಗೆ ಗಿಟಾರು ಏರಿಸಿಕೊಂಡು ಊರೂರು ತಿರುಗುತ್ತಾಳೆ, ಹಾಡು ತಾನೇ ಕಟ್ಟುತ್ತಾಳೆ, ತಾನು ಪ್ರೀತಿಸಿದ್ದು ಒಬ್ಬ ಹೆಂಗಸನ್ನು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಅವಳ ವಿಡಿಯೊಗಳನ್ನು ಸುನೀತಾ ಮೊಬೈಲಿನಲ್ಲಿ ಒಬ್ಬಳೇ ಕೂತು ನೋಡುವಳು. ಪ್ರತಿ ಕಾರ್ಯಕ್ರಮದ ಕೊನೆಯಲ್ಲಿ ಗೌತಮಿ ಕೇಳುಗರ ಪ್ರೀತಿಯವರ ಹೆಸರು ಕೇಳಿ, ಅದನ್ನು ಹಾಡಿಗೆ ಸೇರಿಸುತ್ತಾಳೆ. ಸುನೀತಾ ಹೊರಟಿದ್ದು ಅದಕ್ಕೇ. ಮಧುಶ್ರೀ ಎಂಬ ಹೆಸರನ್ನು ಒಂದೇ ಒಂದು ಸಲ ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಬೇಕು, ಅಷ್ಟೆ. ಮಧುಶ್ರೀ ಮದುವೆಯಾಗಿ ಕೊಳ್ಳೇಗಾಲ ಸೇರಿ ಎಷ್ಟೋ ವರ್ಷವಾಗಿತ್ತು.

ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿಯ ಮಹಡಿ. ಹೊಲಿಗೆ ಮಷೀನುಗಳನ್ನು ಗೋಡೆಗೆ ಒತ್ತರಿಸಿ ಜಮಖಾನ ಹಾಸಿದ್ದರು. ಮೈಕಿಲ್ಲ. ಬಂದವರೂ ಹತ್ತು ಹನ್ನೆರಡು ಮಂದಿ, ಒಬ್ಬರಿಗೊಬ್ಬರು ತಾಕದಂತೆ ದೂರ ದೂರ ಕೂತಿದ್ದರು. ಇಬ್ಬರಿಗಾಗುವಷ್ಟು ಅನ್ನ ಮಾಡಿ ಒಬ್ಬಳೇ ಉಣ್ಣುವವಳ ಹಾಡನ್ನು ಗೌತಮಿ ಹಾಡಿದಳು. ತನ್ನೊಳಗೇ ಯಾರೋ ಇಣುಕಿ ನೋಡಿದ ಹಾಗಾಯಿತು ಸುನೀತಾಗೆ.

ಆಗಲೇ ಒಬ್ಬ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ನೋಡಿದರೆ ಪುಟ್ಟಸ್ವಾಮಿ, ಅವಳ ಡೇರಿಗೆ ದಿನಾ ಬರುವ ಹಾಲಿನ ಲಾರಿಯ ಡ್ರೈವರು. ಹಾಲಿಗಿಂತ ಮುಂಚೆ ಸುದ್ದಿ ಮುಟ್ಟಿಸುವ ಆಸಾಮಿ ಅವನು. ಇವನಿಗೆ ಇಲ್ಲೇನು ಕೆಲಸ?

ಗೌತಮಿ ಗಿಟಾರನ್ನು ಮೆಲ್ಲಗೆ ಮೀಟುತ್ತ ಅಂದಳು: "ಮದುವೆಮನೇಲಿ ಹೊಸ ಜೋಡೀನ ಬಾಗ್ಲಲ್ಲಿ ತಡೆದು ಹೆಸ್ರು ಹೇಳಿಸ್ತಾರಲ್ಲ? ನಮ್ಮಂಥೋರನ್ನ ಯಾರೂ ತಡೆಯಲ್ಲ, ಯಾರೂ ಕೇಳಲ್ಲ. ಇವತ್ತು ನಾನು ಕೇಳ್ತೀನಿ. ಹೇಳಿ."

ಒಬ್ಬೊಬ್ಬರೇ ಹೇಳಿದರು. ಕೆಲವರು ನಕ್ಕರು, ಒಬ್ಬಾಕೆ ಅತ್ತಳು. ಸುನೀತಾಳ ಸರದಿ ಬಂತು. ತುಟಿಯವರೆಗೆ ಬಂದಿದ್ದ ಹೆಸರು ಪುಟ್ಟಸ್ವಾಮಿಯ ಮುಖ ಕಂಡು ಹಿಂದಕ್ಕೆ ಹೋಯಿತು.

"ನಂಗೆ ಯಾರೂ ಇಲ್ಲ. ನಂಜುಂಡೇಶ್ವರನೇ," ಎಂದುಬಿಟ್ಟಳು.

ಯಾರೂ ನಗಲಿಲ್ಲ. ಗೌತಮಿ ದೇವರ ಹೆಸರನ್ನೇ ಹಾಡಿಗೆ ಸೇರಿಸಿ ಹಾಡಿದಳು. ಇಷ್ಟು ದೂರ ಬಂದು ಇದನ್ನು ಹೇಳಬೇಕಿತ್ತೇ ಎಂದು ಸುನೀತಾಗೆ ತನ್ನ ಮೇಲೇ ರೇಗಿತು.

ಕೊನೆಯವನು ಪುಟ್ಟಸ್ವಾಮಿ. ನೆಲ ನೋಡುತ್ತ, "ರಾಜೇಂದ್ರ," ಎಂದ.

ಹಾಡು ಮುಗಿದದ್ದೇ ಅವನು ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ. ಅವನನ್ನು ಕೂಗಲು ಸುನೀತಾಗೆ ಬಾಯಿ ಬರಲಿಲ್ಲ. ವಾಪಸು ಬಸ್ಸಿನಲ್ಲಿ ಊರು ಬರುವವರೆಗೂ ಆ ನಾಚಿಕೆ ಅವಳನ್ನು ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಲಾರಿ ಬಂತು. ದಿನಾ ಊರ ಸುದ್ದಿಯೆಲ್ಲ ಒದರುವವನು ಅವತ್ತು ತುಟಿ ಬಿಚ್ಚದೆ ಕ್ಯಾನು ಎತ್ತಿಟ್ಟ. ಹಾಲು ಹಾಕಿದವರೆಲ್ಲ ಹೋದ ಮೇಲೆ ಹತ್ತಿರ ಬಂದ.

"ಅಕ್ಕ, ನಿನ್ನೆ ನಾ ಅಂದಿದ್ದ ಯಾರ್ಗೂ ಯೋಳ್ಬ್ಯಾಡಿ. ಕಾಲಿಗೆ ಬೀಳ್ತೀನಿ."

ತನಗೆ ಅವನ ಹೆದರಿಕೆ, ಅವನಿಗೆ ತನ್ನ ಹೆದರಿಕೆ. ಸುನೀತಾಗೆ ಅಯ್ಯೋ ಅನ್ನಿಸಿತು.

"ನಾನು ದೇವ್ರ ಹೆಸ್ರು ಹೇಳ್ದೆನಲ್ಲ, ಅದು ಸುಳ್ಳು ಕಣಪ್ಪ," ಎಂದಳು. "ಮಧುಶ್ರೀ ಅಂತ. ಅವಳ ಹೆಸ್ರು ಮಧುಶ್ರೀ."

ಪುಟ್ಟಸ್ವಾಮಿ ತಲೆ ಎತ್ತಿ ಅವಳ ಮುಖ ನೋಡಿದ. ಆಮೇಲೆ, ನಂಟರನ್ನು ವಿಚಾರಿಸುವ ಹಾಗೆ ಕೇಳಿದ: "ಮಧುಶ್ರೀ ಅಕ್ಕ ಚೆಂದಾಗವ್ರಾ?"

ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಕೇಳದ ಮಾತು. ಕೊಳ್ಳೇಗಾಲಕ್ಕೆ ಹೋದ ಮೇಲೆ ಮಧುಶ್ರೀ ಹೇಗಿದ್ದಾಳೆಂಬ ಸುದ್ದಿಯೇ ಸುನೀತಾಗೆ ಬಂದಿರಲಿಲ್ಲ.

"ಗೊತ್ತಿಲ್ಲ ಕಣಪ್ಪ," ಎಂದಳು.