ಕತ್ತೆ ಬರುವುದರೊಳಗೆ

ಆ ದಿನ ತಿಕೋಟಾದ ಹೆಣ್ಣುಮಕ್ಕಳಿಗೆ ಒಂದು ಕತ್ತೆ ಬೇಕಾಗಿತ್ತು. ಊರೆಲ್ಲ ಹುಡುಕಿದರೂ ಸಿಗಲಿಲ್ಲ. ಮೋಟಾರ್ ಸೈಕಲ್ಲು ಮನೆಗೆರಡು, ಕತ್ತೆ ಮಾತ್ರ ಇಲ್ಲ. ಕೊನೆಗೆ ಇಟ್ಟಂಗಿ ಭಟ್ಟಿಗೆ ಮಣ್ಣು ಹೊರಿಸುವ ಉಮರನ ಹತ್ತಿರ ಒಂದಿದೆ ಎಂದು ತಿಳಿದು, ಅವನಿಗೆ ಹೇಳಿ ಕಳಿಸಿದ್ದರು.

ಕತ್ತೆ ಯಾಕೆಂದರೆ, ಅದರ ಮೇಲೆ ಕೂರಿಸಿ ಮೆರೆಸಲು ಒಬ್ಬ ಕಳ್ಳ ಸಿಕ್ಕಿದ್ದ.

ಗುರುಸಿದ್ದವ್ವ ಅಲ್ಲಿಯ ಮಹಿಳಾ ಸಂಘದ ಅಧ್ಯಕ್ಷೆ. ಬೇಸಗೆಯಿಡೀ ಸಂಘದವರು ಶೆಡ್ಡಿನಲ್ಲಿ ಕೂತು ಒಣದ್ರಾಕ್ಷಿ ಆರಿಸಿ ಬಾಕ್ಸು ತುಂಬುತ್ತಾರೆ. ಮೊನ್ನೆ ಲಾರಿಗೆಂದು ರಸ್ತೆಯ ಬದಿಗೆ ಇಟ್ಟಿದ್ದ ಬಾಕ್ಸುಗಳಲ್ಲಿ ಒಂದು ಕಾಣೆಯಾಯಿತು. ಯಾರನ್ನು ಕೇಳಿದರೂ "ನಾ ನೋಡಿಲ್ಲಬೇ" ಎಂಬ ಮಾತೇ.

ಗುರುಸಿದ್ದವ್ವನದೊಂದು ರೂಢಿ ಇತ್ತು. ತವರಿನಲ್ಲಿ ಅವ್ವ ಜೋಳದ ಚೀಲಕ್ಕೆ ಬೇವಿನ ಎಲೆ ಹಾಕುತ್ತಿದ್ದಳು. ಇವಳು ದ್ರಾಕ್ಷಿ ಬಾಕ್ಸಿನ ತಳಕ್ಕೂ, ಕಾಗದದ ಕೆಳಗೆ, ಒಂದಿಷ್ಟು ಒಣ ಬೇವಿನೆಲೆ ಹಾಸುತ್ತಾಳೆ. "ಸಿಹಿಗೆ ಕಹಿ ಕಾವಲಿರಲಿ" ಎನ್ನುತ್ತಾಳೆ. ಉಳಿದವರು ನಗುತ್ತಾರೆ. ಬಬಲೇಶ್ವರದ ಸಂತೆಯಲ್ಲಿ ಅಂಗಡಿಯವನೊಬ್ಬ ಅವಳ ಕಣ್ಣೆದುರಿಗೇ ದ್ರಾಕ್ಷಿಯ ಬಾಕ್ಸು ಬೋರಲು ಹಾಕಿದಾಗ, ಕೊನೆಗೆ ಉದುರಿದ್ದು ಆ ಬೇವಿನೆಲೆ.

"ಯಾರು ಕೊಟ್ರೋ ಯಪ್ಪಾ ಇದನ್ನ?"

"ನಿಮ್ಮೂರಾಂವನಽ ರೀ. ಟಂಟಂ ಗಾಡಿ ಹೊಡಿಯೋ ಅಮರಪ್ಪ."

ಅಮರಪ್ಪ ಮೊದಲು ಇಲ್ಲವೆಂದ. ಎಲೆ ನೋಡಿ ತಲೆ ತಗ್ಗಿಸಿದ.

ಈಗ ಅವನು ಶೆಡ್ಡಿನ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಸುತ್ತ ಜನ. ಸಂಘದ ಕಿರಿಯಳು ನಂದಾ ಒಲೆಯ ಮಸಿಗೆ ಎಣ್ಣೆ ಕಲಸುತ್ತಿದ್ದಳು. ಮಧ್ಯೆ ಬೆವರು ಒರೆಸಿಕೊಂಡು ಮೊದಲ ಮಸಿ ತನ್ನ ಮೂಗಿಗೇ ಬಳಿದುಕೊಂಡಿದ್ದಳು. ವಿಜಯಪುರದ ಒಬ್ಬ ಮೊಬೈಲ್ ಚಾನೆಲ್‌ನವನಿಗೆ ಫೋನು ಮಾಡಿದ್ದೂ ಅವಳೇ. ಅವನು ಹೊರಟಿದ್ದ.

ಗುರುಸಿದ್ದವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟಿದ್ದಳು. ಇಷ್ಟು ವರ್ಷ ದ್ರಾಕ್ಷಿ ಆರಿಸಿದ ಅವಳ ಬೆರಳುಗಳನ್ನು ಯಾರೂ ನೋಡಿರಲಿಲ್ಲ. ಇವತ್ತು ಊರೇ ಅವಳ ಮಾತಿಗೆ ಕಾದಿತ್ತು. ಸಿಟ್ಟು ಸಿಟ್ಟೇ, ಆದರೆ ಅದರೊಳಗೆ ಹಬ್ಬದಂಥ ಒಂದು ಸಡಗರವೂ ಇತ್ತು. ಅದು ಅವಳಿಗೆ ತುಸು ನಾಚಿಕೆಯನ್ನೂ ತಂದಿತ್ತು.

ಅಷ್ಟರಲ್ಲಿ ಮಾಶಾಬಿ ಬಂದಳು. ಇವಳೂ ಸಂಘದವಳೇ. ಉಚಿತ ಕಾನೂನು ನೆರವಿನವರು ವಿಜಯಪುರದಲ್ಲಿ ನಡೆಸಿದ ತರಬೇತಿಗೆ ಹೋಗಿ ಬಂದವಳು.

"ಏನಕ್ಕಾ, ಮದುವಿ ಮೆರವಣಿಗಿ ಇದ್ದಂಗೈತಲ್ಲ! ಕುದುರಿ ಬದಲಿ ಬರೂ ಕತ್ತಿ ಎಲ್ಲಿ?"

"ಬರಾಕತ್ತೈತಿ. ನೀ ಚಾಷ್ಟಿ ಮಾಡಬ್ಯಾಡ ಮಾಶಾಬಿ. ಕಳ್ಳಗ ಶಿಕ್ಷಾ ಆಗಬೇಕೋ ಬ್ಯಾಡೋ?"

"ಆಗಬೇಕು. ಬಿಡು ಅಂತ ನಾ ಅನ್ನೂದಿಲ್ಲ. ಒಂದಽ ಮಾತು ಕೇಳತೀನಿ. ಶಿಕ್ಷಾ ಆದಮ್ಯಾಲ ಏನಾಗಬೇಕು?"

"ಏನಾಗಬೇಕಂದ್ರ?"

"ನಿನ್ನ ಬಾಕ್ಸು ಬರಬೇಕೋ? ಅಂವ ಇನ್ನೊಮ್ಮೆ ಕದೀಬಾರದೋ? ಇಲ್ಲಾ, ನಾಕು ಮಂದಿ ನೋಡಿ ನಗಬೇಕೋ?"

"ಮೂರೂ ಆಗಲಿ!" ಎಂದಳು ನಂದಾ.

"ನಕ್ಕರ ಬಾಕ್ಸು ಬರತೈತೇನ ಬೇ? ಮಸಿ ಬಳದ್ರ ಅಂವ ಊರು ಬಿಡತಾನ, ಕಳವು ಬಿಡೂದಿಲ್ಲ. ಮತ್ತ ಅವನ ಮಗಳು ಐಶ್ವರ್ಯ? ಮಸಿ ತೊಳದ್ರ ಹೋಗತೈತಿ, ಮೊಬೈಲಿನ ವಿಡಿಯೋ ಹೋಗೂದಿಲ್ಲ. ಆ ಹುಡುಗಿ ಏನು ಕದ್ದಾಳ? ಹಿಡದು ಕಟ್ಟಿ, ಮಸಿ ಬಳದು ಮೆರಸಿದ್ರ ಕೇಸು ನಮ್ಮ ಮ್ಯಾಲಽ ಬೀಳತೈತಿ. ಕಳ್ಳ ಫಿರ್ಯಾದಿ ಆಗತಾನ, ನಾವು ಆರೋಪಿ!"

"ಪೊಲೀಸ್ರಿಗೆ ಕೊಟ್ರ ನಾಳೆ ಹೊರಗ ಬರತಾನ. ನನ್ನ ಹೊಟ್ಟಿ ಉರಿ ಆರೂದು ಹೆಂಗ?" ಎಂದಳು ಗುರುಸಿದ್ದವ್ವ.

ಮಾಶಾಬಿ ಉತ್ತರ ಕೊಡುವ ಮೊದಲೇ ನಂದಾಳ ಫೋನು ರಿಂಗಾಯಿತು. ಚಾನೆಲ್‌ನವನು. ಎಲ್ಲರಿಗೂ ಕೇಳಲಿ ಎಂದು ನಂದಾ ಸ್ಪೀಕರ್ ಒತ್ತಿದಳು.

"ಅಕ್ಕಾರ, ನಾ ಬರೂತನಾ ಚಾಲೂ ಮಾಡಬ್ಯಾಡ್ರಿ. ಮಸಿ ಬಳದಿದ್ರ ತೊಳದು ಬಿಡ್ರಿ, ಕ್ಯಾಮೆರಾ ಮುಂದ ಮತ್ತೊಮ್ಮೆ ಬಳಿಯೂಣು. ಅಂವ ಅಳಾಕತ್ತಾನೇನ್ರಿ?"

"ಇಲ್ಲ," ಎಂದಳು ಗುರುಸಿದ್ದವ್ವ. "ಯಪ್ಪಾ, ನಮ್ಮ ಬಾಕ್ಸಿನ ಸುದ್ದಿ ಹೇಳಲೇನು? ಬಿಸಲಾಗ ಕೂತು ಆರಿಸಿದ್ದು. ಎಲ್ಲಾ ಬಂಗಾರದ ಬಣ್ಣದ ಕಾಳು..."

"ಬಾಕ್ಸು ಯಾರು ನೋಡತಾರ್ರೀ? ಮಂದಿಗೆ ಅಳೂ ಮಾರಿ ಬೇಕು, ಮಾರಿ! ಅಳಸಿ ಇಡ್ರಿ, ಬಂದಽ ಬಿಟ್ಟೆ."

ಫೋನು ಕಟ್ಟಾಯಿತು.

ಗುರುಸಿದ್ದವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು. ಊರು ನನಗಾಗಿ ಕಾದಿದೆ ಎಂದುಕೊಂಡಿದ್ದೆನಲ್ಲ! ನನ್ನ ಬೆವರು ಯಾರಿಗೂ ಬೇಕಿಲ್ಲ. ಅವರಿಗೆ ಬೇಕಾಗಿದ್ದು ಅಮರಪ್ಪನ ಕಣ್ಣೀರು. ನಾಳೆ ಇನ್ನೊಂದೂರಲ್ಲಿ ಇನ್ನೊಂದು ಮುಖ ಸಿಕ್ಕರೆ ಇದೂ ಮರೆತು ಹೋಗುತ್ತದೆ. ನನ್ನ ಬಾಕ್ಸು?

ಅವಳು ಕಟ್ಟೆಯ ಹತ್ತಿರ ಹೋದಳು. "ಅಮರಪ್ಪಾ, ತಲಿ ಎತ್ತು. ಯಾಕ ಕದ್ದಿ?"

"ತಪ್ಪಾತ್ರಿ ಅಕ್ಕಾರ. ರಸ್ತೆದಾಗ ಯಾರೂ ಇರಲಿಲ್ಲ. ಕೈ ಸುಮ್ಮನಿರಲಿಲ್ಲ."

"ಕೈಗೆ ಕೆಲಸ ಕಡಿಮಿ ಆಗೈತಿ ನಿನಗ," ಎಂದು ಗುರುಸಿದ್ದವ್ವ ಮಾಶಾಬಿಯ ಕಡೆ ತಿರುಗಿದಳು. "ಠಾಣೆಗೆ ನಡಿ. ನಂದಾ, ಆ ಚಾನೆಲ್‌ನಾಂವಗ ಬರಬ್ಯಾಡ ಅನ್ನು. ಮೊದಲ ಮಾರಿ ತೊಳಕೋ, ಮೂಗೆಲ್ಲ ಕರ್ರಗಾಗೈತಿ!"

ಅದೇ ಹೊತ್ತಿಗೆ ಉಮರ ಕತ್ತೆ ಹೊಡೆದುಕೊಂಡು ಬಂದ. "ಕಳ್ಳನ್ನ ಹೊರೂದಾದ್ರ ನಾ ಒಲ್ಲೆನ್ರಿ. ನನ್ನ ಕತ್ತಿ ದುಡದು ತಿನ್ನೂದು. ಅದರ ಮರ್ಯಾದಿ ಯಾಕ ಹೋಗಬೇಕು?" ಎನ್ನುತ್ತಿದ್ದಂತೆಯೇ, ಮರ್ಯಾದಸ್ಥ ಕತ್ತೆ ನೇರವಾಗಿ ಶೆಡ್ಡಿಗೆ ನುಗ್ಗಿ ದ್ರಾಕ್ಷಿಯ ರಾಶಿಗೆ ಬಾಯಿ ಹಾಕಿತು.

"ಅಯ್ಯಯ್ಯ, ಎರಡನೇ ಕಳ್ಳ!" ಎಂದು ನಂದಾ ಕಿರುಚಿದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕತ್ತೆಯನ್ನು ಹೊರಗೆಳೆಯಲು ಮೊದಲು ಓಡಿದವನು ಅಮರಪ್ಪ.

ಠಾಣೆಯಲ್ಲಿ ದೂರು ಬರೆದುಕೊಂಡರು. ಇಂಥ ಸಣ್ಣ ಕಳವಿನ ತನಿಖೆಗೆ ಕೋರ್ಟಿನ ಅಪ್ಪಣೆ ಬೇಕೆಂದು ಹೇಳಿ ಮುಂದಿನ ದಾರಿ ತೋರಿಸಿದರು. ಮರಳುವಾಗ ಮಾಶಾಬಿ ತಿಳಿಸಿದಳು: "ಹೊಸ ಕಾಯ್ದೆದಾಗ ಒಂದು ಮಾತೈತಿ ಅಕ್ಕಾ. ಐದು ಸಾವಿರಕ್ಕಿಂತ ಕಡಿಮಿ ಮಾಲು, ಶಿಕ್ಷಾ ಆಗೂದು ಮೊದಲನೇ ಸಲ, ಕದ್ದದ್ದು ಇಲ್ಲಾ ಅದರ ಬೆಲಿ ವಾಪಸ್ ಕೊಟ್ಟಾನಂದ್ರ, ಜೈಲಿನ ಬದಲಿ ಊರ ಸೇವಾ ಮಾಡು ಅಂತ ಕೋರ್ಟು ಶಿಕ್ಷಾ ಕೊಡತೈತಿ."

"ಜೈಲಾಗ ಕೂತು ಉಣ್ಣೂದಕ್ಕಿಂತ ಅದಽ ಚಲೋ ಬಿಡು," ಎಂದಳು ಗುರುಸಿದ್ದವ್ವ. ಆದರೂ ನಂಬಿಕೆ ಪೂರ್ತಿ ಬಂದಿರಲಿಲ್ಲ.

ನಂಬಿಕೆ ಬಂದದ್ದು ಮಳೆಗಾಲದಲ್ಲಿ. ಅಮರಪ್ಪ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ದ್ರಾಕ್ಷಿಯ ಬೆಲೆ ಕಟ್ಟಿದ್ದ. ಸರಕಾರಿ ದವಾಖಾನೆಯ ಅಂಗಳ ಗುಡಿಸಿ ಗಿಡಗಳನ್ನು ನೋಡಿಕೊಳ್ಳಬೇಕೆಂದು ಅವನಿಗೆ ಶಿಕ್ಷೆಯಾಗಿತ್ತು. ಒಂದು ಮುಂಜಾನೆ ಗುರುಸಿದ್ದವ್ವ ಬೇಕೆಂದೇ ಆ ದಾರಿ ಹಿಡಿದಳು. ದೊಡ್ಡ ಬೇವಿನ ಮರದ ಕೆಳಗೆ ಅಮರಪ್ಪ ಕಸ ಹೊಡೆಯುತ್ತಿದ್ದ. ಅವಳನ್ನು ಕಂಡು ನಾಚಿದ. ಆಮೇಲೆ ಎರಡೂ ಕೈ ತುಂಬ ಎಲೆ ಎತ್ತಿ ಹಿಡಿದ.

"ಅಕ್ಕಾರ, ನನ್ನ ಹಿಡಕೊಟ್ಟಾವು ಇವಽ ನೋಡ್ರಿ. ಈಗ ದಿನಾ ನಾನಽ ಇವನ್ನ ಹಿಡಿಯಾಕತ್ತೇನಿ!"

ಗುರುಸಿದ್ದವ್ವ ನಕ್ಕಳು. ಎಷ್ಟೋ ದಿನದಿಂದ ಹೊಟ್ಟೆಯೊಳಗೆ ಉರಿಯುತ್ತಿದ್ದದ್ದು ಆ ನಗೆಯಲ್ಲಿ ಆರಿಹೋಯಿತು. ಅವಳು ಸೆರಗೊಡ್ಡಿದಳು. "ಹಾಕು. ಮುಂದಿನ ಸುಗ್ಗಿಗೆ ಬೇಕಾಗತಾವು. ಬಾಕ್ಸು ಸಂತಿಗೆ ನಿನ್ನ ಟಂಟಂದಾಗಽ ಹೋಗಲಿ. ಆದ್ರ ಮುಂದಿನ ಸೀಟಿನ್ಯಾಗ ನಾ ಕೂಡಾಕಿ, ತಿಳೀತೇನು?"

"ಹತ್ರಿ ಅಕ್ಕಾರ, ಬಾಡಗಿ ಬ್ಯಾಡ!"

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕು. ಆದರೆ ಅದನ್ನು ಕೊಡಬೇಕಾದವರು ನಾವಲ್ಲ, ಮೊಬೈಲೂ ಅಲ್ಲ, ಕೋರ್ಟು. ನಿಮ್ಮೂರಲ್ಲಿ ಕಳ್ಳ ಸಿಕ್ಕರೆ ಕೈ ಎತ್ತಬೇಡಿ, ಠಾಣೆಗೆ ತಿಳಿಸಿ. ತುರ್ತಿದ್ದರೆ 112ಕ್ಕೆ, ಉಚಿತ ಕಾನೂನು ಸಲಹೆ ಬೇಕಿದ್ದರೆ 15100ಕ್ಕೆ ಫೋನು ಮಾಡಿ. ಯಾರದೋ ಅಳುವ ಮುಖ ನಿಮ್ಮ ಮೊಬೈಲಿಗೆ ಬಂದರೆ ಮುಂದೆ ಕಳಿಸುವ ಮುನ್ನ ಒಂದು ಗಳಿಗೆ ತಡೆಯಿರಿ. ಗುರುಸಿದ್ದವ್ವ ತಡೆದಿದ್ದು ಕತ್ತೆ ಬರುವಷ್ಟು ಹೊತ್ತು ಮಾತ್ರ. ಅಷ್ಟು ಸಾಕಾಯಿತು.