ಕೊನೆಯ ಪಂಕ್ತಿಯ ಪಾಯಸ

ಗುಬ್ಬಿಯಲ್ಲಿ ಮದುವೆ ಅಡುಗೆ ಮಾಡುವ ಕರಿಬಸವಯ್ಯನವರಿಗೆ ಮೂವತ್ತು ವರ್ಷದಿಂದ ಒಂದೇ ಭಯ: ಕೊನೆಯ ಪಂಕ್ತಿಗೆ ಪಾಯಸ ಸಾಲದೆ ಹೋದರೆ? ಇನ್ನೂರು ಎಲೆ ಎಂದರೆ ಮುನ್ನೂರಕ್ಕೆ ಮಾಡುವರು. ಉಳಿದದ್ದನ್ನು ಮೂರು ಬೀದಿಗೆ ಹಂಚಿದರೂ ಮುಗಿಯದು. ಈಗ ಮಗಳು ಮಾಲಿನಿಯ ನಿಶ್ಚಿತಾರ್ಥ, ಇನ್ನೂರು ಎಲೆ. ಅಡುಗೆ ಅವರದೇ, ಬೀಗರು ಕುಣಿಗಲ್‌ನವರು. ವಾರದಿಂದ ಕರಿಬಸವಯ್ಯನವರಿಗೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ.

ಮಾಲಿನಿ ತುಮಕೂರಿನ ಆಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕಿ. ಕಂಡವರ ಭಯವನ್ನೆಲ್ಲ ಬಿಡಿಸುವವಳು ಅಪ್ಪನನ್ನು ಬಿಟ್ಟಾಳೆಯೇ? ನೋಟ್‌ಬುಕ್ ತಂದು ಮುಂದಿಟ್ಟಳು.

“ಏನಾಗುತ್ತೆ ಅಂತ ಭಯ, ಬರೀರಿ ಅಪ್ಪಾಜಿ.”

“ಪಾಯಸ ಸಾಲ್ದೆ ಬೀಗರು ಎದ್ದೋಗ್ತಾರೆ. ಸಂಬಂಧ ಮುರಿಯುತ್ತೆ.”

“ಹಂಗೇ ಆಗುತ್ತೆ ಅಂತ ನೂರಕ್ಕೆ ಎಷ್ಟು ನಂಬಿಕೆ?”

“ನೂರಾ ಹತ್ತು.”

“ಪುರಾವೆ?”

“ನಿಟ್ಟೂರಿನ ಒಂದು ಮದ್ವೇಲಿ ಹೋಳಿಗೆ ಸಾಲ್ದೆ ಹೋಗಿತ್ತು.”

“ಆಮೇಲೇನಾಯ್ತು?”

“ಬಾಳೆಹಣ್ಣು ತಿಂದು ಹೋದ್ರು. ಆ ಗಂಡು ಹೆಣ್ಣಿಗೆ ಈಗ ಮೂರು ಮಕ್ಳು.”

ಅದನ್ನೂ ಬರೆಸಿದಳು. ನಂಬಿಕೆ ಅರವತ್ತಕ್ಕೆ ಇಳಿಯಿತು. “ಹಂಗಾದ್ರೆ ಈ ಸಲ ಇನ್ನೂರಕ್ಕೇ ಮಾಡಿ, ನೋಡೇಬಿಡೋಣ” ಎಂದಳು.

ಅವರು ಮಾತಿಗೆ ತಪ್ಪುವವರಲ್ಲ, ಇನ್ನೂರಕ್ಕೇ ಮಾಡಿದರು. ಆದರೆ ಮೊದಲ ಪಂಕ್ತಿ ಕೂತದ್ದೇ ತಡ, ಪಾಯಸ ಕಡಿಮೆ ಮಾಡಿದ್ದಾರೆ ಎಂದು ಯಾರಾದರೂ ಅಂದುಕೊಂಡಾರು ಎಂಬ ದಿಗಿಲು ಹತ್ತಿತು. ತಾವೇ ಬಕೆಟ್ ಹಿಡಿದು ಹೊರಟರು. ಬೇಡ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೇ ಸುರಿದರು. ಎರಡನೇ ಪಂಕ್ತಿಗೂ ಅದೇ ಉಪಚಾರ. ಬಂದವರೆಲ್ಲ ಉಂಡ ಮೇಲೆ ಎರಡೂ ಮನೆಯವರು ಕೊನೆಯ ಪಂಕ್ತಿಗೆ ಕೂತರು. ಬೀಗ ಪ್ರಭುದೇವಯ್ಯನವರ ಎಲೆಯ ಮುಂದೆ ನಿಂತು ಸೌಟು ಅದ್ದಿದರೆ ಅದು ಬರೀ ತಳ ಕೆರೆಯಿತು.

ಕರಿಬಸವಯ್ಯ ಬಕೆಟ್ ಬಗ್ಗಿಸಿ ತೋರಿಸಿದರು. “ಪಾಯಸ ಮುಗೀತು, ಬೀಗ್ರೇ.”

“ಮುಗೀತಾ? ಬದುಕ್ದೆ ಬುಡಿ,” ಎಂದರು ಪ್ರಭುದೇವಯ್ಯ. “ನಂಗೆ ಶುಗರ್. ಹೋದಲ್ಲೆಲ್ಲ ಬಲವಂತ್ವಾಗಿ ಸುರೀತಾರೆ, ಆಮೇಲೆ ಮನೇಲಿ ಹೆಂಡ್ತಿ ಹತ್ರ ಬೈಸ್ಕೋಬೇಕು. ನೀವೂ ಕೂತ್ಕಳಿ. ಮಜ್ಜಿಗೆ ಐತಲ್ಲ.”

ಇನ್ನು ಕಾವಲು ಕಾಯುವುದಕ್ಕೆ ಪಾಯಸವೇ ಉಳಿದಿರಲಿಲ್ಲ. ಬಕೆಟ್ ಕೆಳಗಿಟ್ಟು, ತಾವೇ ಅಡುಗೆ ಮಾಡಿದ ಪಂಕ್ತಿಯಲ್ಲಿ ಮೂವತ್ತು ವರ್ಷದಲ್ಲಿ ಮೊದಲ ಸಲ ಕೂತರು. ಸಾರನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟಾಗ ಕಣ್ಣು ತುಂಬಿ ಬಂತು, ಅಷ್ಟು ಹಸಿದಿದ್ದರು.

ಪಕ್ಕದ ಎಲೆಯಿಂದ ಮಾಲಿನಿ ಮೆಲ್ಲಗೆ ಕೇಳಿದಳು: “ಈಗ ನೂರಕ್ಕೆ ಎಷ್ಟು, ಅಪ್ಪಾಜಿ?”

“ಊಟ ಮಾಡೋವಾಗ ಲೆಕ್ಕ ಕೇಳ್ಬೇಡ ಕಣವ್ವ,” ಎಂದರು. “ಇನ್ನೊಂದು ಸಲ ಸಾರು ತರಕ್ಕೇಳು. ಮುಗ್ದೋಗಿದ್ರೆ ಮಜ್ಜಿಗೆ ಐತೆ.”